ಗುಲಾಬಿಯ ಕುಟುಂಬ: ಸಸ್ಯಗಳ ನಂಟನ್ನು ಗುರುತಿಸುವ ಕ್ರಮ

ಸಸಿಗಳನ್ನು ಕೊಳ್ಳುವಾಗಲೂ ಕಸಿ ಕಟ್ಟಿಸುವಾಗಲೂ ಹೆಸರನ್ನೇ ನಂಬುವುದು ಅನೇಕ ರೈತರ ರೂಢಿಯಾಗಿದೆ. ಆದರೆ ಹೆಸರಿನ ಹೋಲಿಕೆಯಿಂದ ಸಸ್ಯಗಳ ನಂಟು ಸಿದ್ಧವಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಗುಲಾಬಿ ಸೇಬು’ ಎಂಬ ಅರ್ಥದ ಹೆಸರುಳ್ಳ ಪನ್ನೇರಳೆಯು ಗುಲಾಬಿಗೂ ಸೇಬಿಗೂ ನಂಟಲ್ಲ. ಗುಲಾಬಿಗೂ ಸೇಬಿಗೂ ಮಾತ್ರ ಪರಸ್ಪರ ನಂಟುಂಟು. ಇದನ್ನು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ ಬಗೆಯನ್ನೂ, ಅದರಿಂದ ಮಡಂತ್ಯಾರು ಸೀಮೆಯ ಹಿಡುವಳಿದಾರರಿಗೆ ಆಗತಕ್ಕ ಪ್ರಯೋಜನವನ್ನೂ ಇಲ್ಲಿ ವಿವರಿಸಲಾಗಿದೆ.

1. ಮೊದಲಿನ ವಿಂಗಡಣೆ.— ಸ್ವೀಡನ್ ದೇಶದ ಲಿನೇಯಸನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೂವಿನ ಕೇಸರಗಳ ಸಂಖ್ಯೆಯನ್ನೂ ಅವು ಇರುವ ಸ್ಥಾನವನ್ನೂ ಆಧಾರವಾಗಿಟ್ಟುಕೊಂಡು ಸಸ್ಯಗಳನ್ನು ವರ್ಗಗಳಾಗಿ ವಿಂಗಡಿಸಿದನು. ಈ ಕ್ರಮದಲ್ಲಿ ಗುಲಾಬಿಯೂ, ನಮ್ಮ ಹಿತ್ತಿಲ ಪೇರಳೆ ಮತ್ತು ಪನ್ನೇರಳೆಗಳೂ ಒಂದೇ ವರ್ಗಕ್ಕೆ ಸೇರಿದವು. ಎಣಿಸುವುದಕ್ಕೆ ಇದು ಸುಲಭವಾಗಿದ್ದರೂ ನಿಜವಾದ ನಂಟನ್ನು ತೋರಿಸಲಿಲ್ಲ. 1789ರಲ್ಲಿ ಫ್ರಾನ್ಸಿನ ಜುಸ್ಯೂ ಎಂಬವನು ಒಂದೇ ಲಕ್ಷಣವನ್ನು ನಂಬದೆ ಅನೇಕ ಲಕ್ಷಣಗಳನ್ನು ಒಟ್ಟಿಗೆ ತೂಗಿ, ಗುಲಾಬಿಯ ಗುಂಪನ್ನು ಪೇರಳೆಯ ಗುಂಪಿನಿಂದ ಬೇರ್ಪಡಿಸಿದನು.

2. ಗುರುತುಗಳು.— ಗುಲಾಬಿಯ ಕುಟುಂಬದಲ್ಲಿ ಎಲೆಗಳು ಸಾಮಾನ್ಯವಾಗಿ ಒಂದಾದ ಮೇಲೊಂದರಂತೆ ಇರುತ್ತವೆ. ತೊಟ್ಟಿನ ಬುಡದಲ್ಲಿ ಕಿವಿಯಂತಹ ಎರಡು ಚಿಕ್ಕ ಎಲೆಗಳಿರುತ್ತವೆ. ಹೂವಿಗೆ ಐದು ದಳಗಳೂ ಬಹುಸಂಖ್ಯೆಯ ಕೇಸರಗಳೂ ಉಂಟು. ತೋಟದ ಗುಲಾಬಿಯಲ್ಲಿ ದಳಗಳು ಹೆಚ್ಚಿರುವುದಕ್ಕೆ ಕೇಸರಗಳು ದಳಗಳಾಗಿ ಮಾರ್ಪಟ್ಟಿರುವುದೇ ಕಾರಣ. ಬೆಳ್ತಂಗಡಿ, ಉಜಿರೆ ಮಾರ್ಗವಾಗಿ ಚಾರ್ಮಾಡಿ ಘಟ್ಟವನ್ನೇರಿದರೆ, ಚಿಕ್ಕಮಗಳೂರಿನ ಮಲೆಗಳಲ್ಲಿ ಬೆಳೆಯುವ ರೂಬಸ್ ಎಂಬ ಮುಳ್ಳುಪೊದೆಗಳ ಹೂವಿನಲ್ಲಿ ಈ ಐದು ದಳಗಳನ್ನು ಸ್ಪಷ್ಟವಾಗಿ ಕಾಣಬಹುದು. ಅವೂ ಇದೇ ಕುಟುಂಬದವು. ಪೇರಳೆ, ಪನ್ನೇರಳೆಗಳಲ್ಲಾದರೋ ಎಲೆಗಳು ಎದುರುಬದುರಾಗಿದ್ದು, ಬೆಳಕಿಗೆ ಹಿಡಿದರೆ ಎಣ್ಣೆಯ ಸಣ್ಣ ಚುಕ್ಕೆಗಳು ತೋರುತ್ತವೆ.

3. ಈಚಿನ ನಿರ್ಣಯ.— ಈ ಕುಟುಂಬದಲ್ಲಿ ಸುಮಾರು 90 ಕುಲಗಳೂ ಸುಮಾರು 3,000 ಪ್ರಭೇದಗಳೂ ಇವೆ. ಸೇಬು, ಪೇರು, ಪೀಚ್, ಪ್ಲಮ್, ಸ್ಟ್ರಾಬೆರಿ ಮತ್ತು ನಿಜವಾದ ಬಾದಾಮಿ ಇದಕ್ಕೆ ಸೇರಿವೆ. ಕಡಲತೀರದ ನಾಡುಬಾದಾಮಿಯು ಮಾತ್ರ ಮತ್ತಿ, ಅಳಲೆ, ತಾರೆಗಳ ಕುಟುಂಬದ್ದು. ಬಹುಕಾಲ ಕಾಯಿಯ ರಚನೆಯನ್ನು ನೋಡಿ ಗುಲಾಬಿಯ ಕುಟುಂಬವನ್ನು ನಾಲ್ಕು ಉಪಕುಟುಂಬಗಳಾಗಿ ವಿಭಾಗಿಸುತ್ತಿದ್ದರು. 2007ರಲ್ಲಿ ಪಾಟರ್ ಮತ್ತು ಸಂಗಡಿಗರು ವಂಶವಾಹಿಗಳ ಪರೀಕ್ಷೆಯನ್ನು ಆಧರಿಸಿ ಮೂರೇ ಉಪಕುಟುಂಬಗಳನ್ನು ನಿಗದಿಮಾಡಿದರು. ಒಂದೇ ಗೊರಟೆಯ ಪ್ಲಮ್ಮೂ ಹಲವು ಬೀಜಗಳ ಸೇಬೂ ಆಗ ಒಂದೇ ಉಪಕುಟುಂಬಕ್ಕೆ ಸೇರಿದವು.

4. ರೈತರಿಗೆ ಪ್ರಯೋಜನ.— ತುಳುನಾಡಿನಲ್ಲಿ ಒಂದೇ ಬಳಿಯವರೊಳಗೆ ಮದುವೆ ನಿಷಿದ್ಧ. ಸಸ್ಯಗಳಲ್ಲಿ ಕಸಿಯ ಸಂಬಂಧವು ಹತ್ತಿರದ ನಂಟರೊಳಗೇ ಕೂಡಿಬರುತ್ತದೆ. ಗುಲಾಬಿಯ ಕಣ್ಣನ್ನು ಗುಲಾಬಿಯ ಬುಡಕ್ಕೇ ಕೂಡಿಸಬೇಕು. ಕುಟುಂಬ ಒಂದಾದರೆ ಸಾಲದು, ನಂಟು ಸಮೀಪದ್ದಾಗಿರಬೇಕು. ಸೇಬನ್ನು ಪ್ಲಮ್ಮಿನ ಬುಡಕ್ಕೆ ಕಟ್ಟಿ ಫಲ ಪಡೆಯಲಾಗದು. ನಮ್ಮ ತೋಟಗಳಿಗೆ ಇನ್ನೂ ಹತ್ತಿರದ ಉದಾಹರಣೆ ಕರಿಮೆಣಸು. ಶೀಘ್ರ ಸೊರಗು ರೋಗವನ್ನು ತಡೆಯುವ ಬ್ರೆಜಿಲ್ ಹಿಪ್ಪಲಿಯು ಮೆಣಸಿನ ಕುಲದ್ದೇ ಆದುದರಿಂದ ಅದರ ಬುಡಕ್ಕೆ ಮೆಣಸನ್ನು ಕಸಿ ಕಟ್ಟುತ್ತಾರೆ. ಆದರೆ ಆ ಬುಡಕ್ಕೆ ಬೇಸಗೆಯಲ್ಲಿ ನೀರು ತಪ್ಪಕೂಡದು.

ಆದಕಾರಣ ಕಸಿಗಿಡವನ್ನು ಕೊಳ್ಳುವವರು ಮೇಲಿನ ತಳಿಯ ಹೆಸರನ್ನಷ್ಟೇ ಅಲ್ಲದೆ ಬುಡ ಯಾವ ಗಿಡದ್ದೆಂಬುದನ್ನೂ ವಿಚಾರಿಸತಕ್ಕದ್ದು. ನೆಟ್ಟ ಮೇಲೆ ಕಸಿಯ ಗಂಟಿನಿಂದ ಕೆಳಗೆ ಹೊರಡುವ ಚಿಗುರುಗಳನ್ನು ಆಗಿಂದಾಗ್ಗೆ ಕಿತ್ತುಹಾಕತಕ್ಕದ್ದು. ಇಲ್ಲವಾದರೆ ಬುಡದ ಗಿಡವೇ ಬಲಿತು, ಹಣ ಕೊಟ್ಟು ತಂದ ತಳಿಯು ನಾಶವಾಗುವುದು. ಊರಿನ ಮುಖಂಡರು ಈ ವಿಷಯವನ್ನು ತಮ್ಮ ಗ್ರಾಮದ ರೈತರಿಗೆ ತಿಳಿಯಪಡಿಸಬೇಕಾಗಿ ಕೋರಲಾಗಿದೆ.