ಎರಡು ಸೀಸನ್ನಿನ ಮನೆ

“ಒಳಗೆ ಬನ್ನಿ” ಎನ್ನುವ ಮೊದಲು ಆ ಮನೆಯ ಅಕ್ಕ ಹೇಳಿದ್ದು “ಕಾಲು ತೋರ್ಸಿ” ಎಂದು. ಜುಲೈ ತಿಂಗಳು, ಪುನರ್ವಸು ಮಳೆ. ಕಳಸ ತಾಲ್ಲೂಕಿನ ಸಂಸೆ ಕಡೆಯಿಂದ ಮುಳ್ಳೋಡಿಗೆ ಜೀಪಿನಲ್ಲಿ ಕುಲುಕಿಸಿಕೊಂಡು ಬಂದು, ಕೊನೆಯ ಏರನ್ನು ಜಾರುತ್ತ ಹತ್ತಿ ಜಗಲಿ ಮುಟ್ಟಿದ್ದೆ. ಪ್ಯಾಂಟು ಮಡಿಸಿದರೆ ಎಡ ಮೀನಖಂಡದಲ್ಲಿ ಮೂರು, ಬಲಗಾಲಿನ ಬೆರಳ ಸಂದಿಯಲ್ಲಿ ಒಂದು ಇಂಬಳ. ರಕ್ತ ಕುಡಿದು ಕಪ್ಪು ದ್ರಾಕ್ಷಿಯ ಹಾಗೆ ಉಬ್ಬಿದ್ದವು. ಅಕ್ಕ ಮೂಲೆಯಲ್ಲಿದ್ದ ಕೋಲು ತಂದರು. ಅದರ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಒದ್ದೆ ಮಾಡಿ ಒಂದೊಂದಕ್ಕೂ ಮುಟ್ಟಿಸಿದರು, ಉದುರಿಬಿದ್ದವು. “ಬಚ್ಚಲಲ್ಲಿ ನೀರು ಕಾದಿದೆ, ಮಿಂದು ಬನ್ನಿ. ಮಾತು ಆಮೇಲೆ.”

ಕುದುರೆಮುಖದ ಬುಡದ ಮನೆಗಳಲ್ಲಿ ಉಪಚಾರ ಶುರುವಾಗುವುದು ಅಡುಗೆಮನೆಯಿಂದಲ್ಲ, ಬಚ್ಚಲಿನಿಂದ. ಜೂನ್‌ನಲ್ಲಿ ಹಂಡೆ ಒಲೆಗೆ ಹಾಕಿದ ಬೆಂಕಿ ಸೆಪ್ಟೆಂಬರ್ ತನಕ ಪೂರ್ತಿ ಆರುವುದೇ ಇಲ್ಲ. ಮೇಲೆ ಹಗ್ಗ ಕಟ್ಟಿ ಮನೆಯವರ ಬಟ್ಟೆ, ಬಂದವರ ಬಟ್ಟೆ ಎಲ್ಲ ಒಟ್ಟಿಗೆ ಹರವಿರುತ್ತಾರೆ. ಅವು ಒಣಗುವುದಿಲ್ಲ, ಹೊಗೆ ಹಿಡಿಯುತ್ತವೆ. ಆ ಸಲದ ನನ್ನ ಅಂಗಿಯನ್ನು ಬೆಂಗಳೂರಿನಲ್ಲಿ ಮೂರು ಸಲ ಒಗೆದ ಮೇಲೂ ಮನೆಯಾಕೆ ಮೂಗಿಗೆ ಹಿಡಿದು “ಇದನ್ನ ಹಾಕ್ಕೊಂಡು ಆಫೀಸಿಗೆ ಹೋಗ್ಬೇಡಿ” ಎಂದಿದ್ದಳು.

ನಾನು ಆ ಮನೆಗೆ ಈಗ ನಾಲ್ಕು ಕಾಲದಲ್ಲೂ ಹೋಗಿಬಂದಿದ್ದೇನೆ. ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ಹತ್ತಿದ್ದು ಮಾತ್ರ ಒಂದೇ ಸಲ. ಅದೂ ಮೇಲೆ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಉಳಿದ ಸಲ ಜಗಲಿಯಲ್ಲೇ ಕುಳಿತಿದ್ದೆ. ಹಾಗೆ ಕುಳಿತಾಗ ಕಿವಿಗೆ ಬಿದ್ದ ಪದ ‘ಸೀಸನ್’. ಮನೆಯ ಯಜಮಾನ ಗೌಡರು ಫೋನಿನಲ್ಲಿ ಯಾರಿಗೋ “ಈಗ ಸೀಸನ್ ಮಾರಾಯ್ರೆ, ಶನಿವಾರ ರೂಮಿಲ್ಲ” ಎಂದರೆ ಅದು ಮಳೆಗಾಲ. ಅದೇ ಗೌಡರು ಆಳುಗಳ ಮೇಸ್ತ್ರಿಗೆ “ಸೀಸನ್‌ಗೆ ಕೈಕೊಡ್ಬೇಡ” ಎಂದರೆ ಅದು ಡಿಸೆಂಬರ್, ಕಾಫಿ ಕುಯ್ಲು. ಮನೆ ಒಂದು, ಸೀಸನ್ ಎರಡು. ಒಂದರ ಕಾಲಿಗೆ ಇನ್ನೊಂದು ತೊಡರುವುದೇ ಅವರ ವರ್ಷ.

ಹಿಂದೆ ಇಲ್ಲಿ ಮಳೆಗಾಲವೆಂದರೆ ಬಾಗಿಲು ಹಾಕಿಕೊಳ್ಳುವ ಕಾಲ. ಮೃಗಶಿರ ಹಿಡಿಯುವುದರೊಳಗೆ ಅಕ್ಕಿ, ಉಪ್ಪು, ಬೆಲ್ಲ, ಒಣಮೀನು, ಸೀಮೆಎಣ್ಣೆ ಮನೆ ಸೇರಬೇಕು. ಆಮೇಲೆ ಹಳ್ಳ ತುಂಬಿತೆಂದರೆ ನೆಂಟರೂ ಬರುವುದಿಲ್ಲ, ಸಾಲಗಾರರೂ ಬರುವುದಿಲ್ಲ. ಯಾರೂ ಕಾಲಿಡದಿದ್ದ ಆ ತಿಂಗಳುಗಳಲ್ಲೇ ಈಗ ಊರಿನ ಜೀಪುಗಳಿಗೆ ಬಿಡುವಿಲ್ಲ. ಬೆಂಗಳೂರಿನ ಹುಡುಗರಿಗೆ ಬೇಕಾದದ್ದು ಇದೇ ಮಳೆ, ಇದೇ ಮಂಜು, ಫೋಟೋದಲ್ಲಿ ಹಸಿರು ಇನ್ನಷ್ಟು ಹಸಿರಾಗಿ ಕಾಣುವ ಇದೇ ಹೊತ್ತು. 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನವಾದ್ದರಿಂದ ಬೆಟ್ಟದ ಮೇಲೆ ರಾತ್ರಿ ಉಳಿಯುವಂತಿಲ್ಲ. ದಾರಿಯಲ್ಲಿ ಸಿಗುವ, ಯಾರೋ ಬಾಳಿ ಬಿಟ್ಟುಹೋದ ಲೋಬೋ ಮನೆಗೂ ಈಗ ಸೂರಿಲ್ಲ, ಗೋಡೆ ಮಾತ್ರ. ಹೀಗಾಗಿ ಬೆಳಗ್ಗೆ ಹತ್ತಿದವರೆಲ್ಲ ಸಂಜೆಯೊಳಗೆ ಬುಡಕ್ಕೆ ಇಳಿಯಲೇಬೇಕು. ಇಳಿದವರಿಗೆ ಬಿಸಿನೀರು, ಅನ್ನ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಕುದುರೆಮುಖಕ್ಕೆ ದಿನಕ್ಕೆ 300 ಮಂದಿ ಎಂದಾಯಿತು. ಸಂಖ್ಯೆ ಕಡಿಮೆಯಾಯಿತೆಂದು ಕೆಲವರು ಗೊಣಗಿದರು. ಬೆಟ್ಟದ ಬೆನ್ನಿಗೆ 300 ಕೂಡ ಕಡಿಮೆಯೇನಲ್ಲ ಎಂಬುದು ನನ್ನ ಲೆಕ್ಕ.

ಚಾರಣಿಗರನ್ನು ಮನೆಯಲ್ಲಿ ಇಳಿಸಿಕೊಳ್ಳತೊಡಗಿದ ಮೊದಲ ವರ್ಷ ದುಡ್ಡು ಕೇಳಲು ನಾಲಿಗೆ ಬರುತ್ತಿರಲಿಲ್ಲವಂತೆ. “ಹತ್ತಿರದಲ್ಲೇ ಹೊರನಾಡಿದೆ. ಅಲ್ಲಿ ಅಮ್ಮ ಬಂದೋರಿಗೆಲ್ಲ ಅನ್ನ ಹಾಕ್ತಾಳೆ. ಇಲ್ಲಿ ನಾವು ಊಟಕ್ಕೆ ರೇಟು ಹೇಳೋದಾ?” ಎಂದು ಗೌಡರು ಹೆಂಡತಿಯನ್ನು ಮುಂದೆ ಬಿಟ್ಟು ತಾವು ತೋಟಕ್ಕೆ ಹೋಗಿಬಿಡುತ್ತಿದ್ದರಂತೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಕಳಸ ಸುತ್ತಿನ ತೋಟಗಳ ಸೋಗೆ ಸುಟ್ಟಂತಾದಾಗ ಆ ಸಂಕೋಚ ಹೋಯಿತು. ಈಗ ಗೋಡೆಗೆ ರೇಟಿನ ಹಾಳೆ ಅಂಟಿಸಿದ್ದಾರೆ. ಆದರೆ ಬಡಿಸುವಾಗ ಹಳೆಯ ಚಾಳಿ ಬಿಟ್ಟಿಲ್ಲ. ಸಾಕೆಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಅಕ್ಕ ಇನ್ನೊಂದು ಕಡುಬು ಇಳಿಸುತ್ತಾರೆ.

ಆ ಎಲೆಯ ಮೇಲೆ ಏನು ಬರುತ್ತದೆಂಬುದನ್ನು ತೀರ್ಮಾನಿಸುವುದು ಮಳೆ. ಕಳಲೆ ಬಂದರೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ ಅದರ ಕಹಿ ನಂಜು ಕಳೆಯಬೇಕು. ಅಂದರೆ ಶನಿವಾರದ ಅತಿಥಿಯ ಪಲ್ಯ ಗುರುವಾರವೇ ಶುರುವಾಗಿರುತ್ತದೆ. ಮರದ ಕವಲಿನಲ್ಲಿ ಹುಟ್ಟುವ ಮರಕೆಸುವಿನ ಪತ್ರೊಡೆಗೆ ಹುಣಸೆ ಬಿಗಿಯಾಗಿ ಬೀಳಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಒಮ್ಮೆ ಒಬ್ಬ ಹುಡುಗ ಪನೀರ್ ಇದೆಯಾ ಎಂದು ಕೇಳಿದ. ಅಕ್ಕ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. “ಪತ್ರೊಡೆ ತಿಂದು ನೋಡಿ, ಆಗದಿದ್ರೆ ಮೊಟ್ಟೆ ಹಾಕಿಕೊಡ್ತೀನಿ” ಎಂದರು. ಮೊಟ್ಟೆಯ ಅಗತ್ಯ ಬೀಳಲಿಲ್ಲ.

ಕರೆಂಟಿನದೂ ಮಳೆಯದೇ ಕಾರುಬಾರು. ಗಾಳಿಗೆ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಅದಕ್ಕೇ ಮಲೆನಾಡಿನ ಒಂಟಿಮನೆಗಳ ಹಾಗೆ ಇವರೂ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸುತ್ತಾರೆ. ಹೆಚ್ಚೆಂದರೆ ಒಂದು ಕಿಲೋವ್ಯಾಟ್. ಜುಲೈನಲ್ಲಿ ಬಲ್ಬು ಕಣ್ಣು ಕುಕ್ಕುತ್ತದೆ, ಜನವರಿಗೆ ಹಳದಿಗಟ್ಟುತ್ತದೆ, ಮಾರ್ಚಿಗೆ ಒಳಗಿನ ತಂತಿ ಕೆಂಪಗೆ ಕಾಣುವಷ್ಟೇ. ಕ್ಯಾಲೆಂಡರ್ ನೋಡದೆ ತಿಂಗಳು ಹೇಳಬಹುದು.

ಅತಿಥಿಗಳ ಸೀಸನ್ನಿಗೂ ತೋಟದ ಕೆಲಸಕ್ಕೂ ಡಿಕ್ಕಿಯಾದದ್ದನ್ನು ನಾನು ಕಂಡದ್ದು ಅದೇ ಜುಲೈನ ಒಂದು ಶನಿವಾರ. ಹದಿನೈದು ದಿನ ಹಿಡಿದ ಮಳೆ ಬೆಳಗಿನ ಜಾವ ಹೊಳವಾಯಿತು. ಜಗಲಿಯಲ್ಲಿ ಹದಿನೆಂಟು ಜನ ಬೂಟು ಕಟ್ಟಿಕೊಂಡು ತಿಂಡಿಗೆ ಕಾಯುತ್ತಿದ್ದಾರೆ, ಶಿಖರ ಕಾಣುತ್ತಿದೆಯೆಂದು ಕುಣಿಯುತ್ತಿದ್ದಾರೆ. ಅಂಗಳದಲ್ಲಿ ಗೌಡರು ಡ್ರಮ್ಮಿನ ಮುಂದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಒಣ ದಿನ ಬೇಕು, ಅದು ಇವತ್ತೇ ಬಂದಿದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಕೋಲಾಡಿಸುತ್ತಿದ್ದಂತೆ ದ್ರಾವಣ ಆಕಾಶದ ಬಣ್ಣಕ್ಕೆ ತಿರುಗಿತು. ಮರ ಹತ್ತುವವನು ಬಂದಾಗಿದೆ, ಇವತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಗೈಡ್ ಆಗಿ ಬೆಟ್ಟಕ್ಕೆ ಹೋಗಬೇಕಾದ ಮಗನನ್ನು ಇಬ್ಬರೂ ಎಳೆಯುತ್ತಿದ್ದಾರೆ, ಅತಿಥಿಗಳು ಬಾಯಿಂದ, ಅಪ್ಪ ಕಣ್ಣಿಂದ. ಮಗ ಬೆಟ್ಟಕ್ಕೇ ಹೋದ. “ಹೊಳವು ಅವ್ರಿಗೂ ಬೇಕಲ್ಲ, ದುಡ್ಡು ಕೊಟ್ಟು ಬಂದಿದಾರೆ” ಎಂದು ಗೌಡರು ಡ್ರಮ್ಮಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ. ದೋಟಿಯನ್ನೂ ಪೈಪನ್ನೂ ಹಿಡಿದು ಅವರ ಹಿಂದೆ ತೋಟಕ್ಕೆ ಇಳಿದವನು ನಾನು. ಹೇಳಿಕೊಳ್ಳುವಂಥ ಸಹಾಯವೇನಲ್ಲ, ಎರಡು ಸಲ ಜಾರಿಬಿದ್ದೆ.

ಅಕ್ಟೋಬರ್, ನವೆಂಬರ್ ಸುಲಭದ ತಿಂಗಳು. ಬಂದವರಿಗೂ ಸುಖ, ಮನೆಯವರಿಗೂ ಉಸಿರು. ಬರೆಯಲು ಹೆಚ್ಚೇನಿಲ್ಲ. ಡಿಸೆಂಬರಿಗೆ ಕಾಫಿ ಹಣ್ಣು, ಅಡಿಕೆ ಕೊಯ್ಲು ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅಂಗಳದ ದೊಡ್ಡ ಹಂಡೆಯಲ್ಲಿ ಚೊಗರಿನೊಂದಿಗೆ ಅಡಿಕೆ ಬೇಯುತ್ತಿರುವುದನ್ನು ಕಂಡು, ಚಳಿಗೆ ಕಂಬಳಿ ಹೊದ್ದು ಬಂದ ಒಬ್ಬಾಕೆ “ಬೀಟ್‌ರೂಟ್ ಸಾರಾ ಆಂಟಿ?” ಎಂದಳು. ಅಕ್ಕ ಈಗಲೂ ಆ ಕಥೆ ಹೇಳಿ ನಗುತ್ತಾರೆ.

ಬೇಸಿಗೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಬರುತ್ತಿದ್ದಂತೆ ಇಲಾಖೆ ಚಾರಣ ನಿಲ್ಲಿಸುತ್ತದೆ. ರೂಮುಗಳಿಗೆ ಬೀಗ. ಈ ಏಪ್ರಿಲ್‌ನಲ್ಲಿ ಹೋದಾಗ ಬಾಡಿಗೆ ಕೊಡುವವನು ನಾನೊಬ್ಬನೇ ಇದ್ದೆ, ಅಕ್ಕ ಅದನ್ನೂ ತೆಗೆದುಕೊಳ್ಳಲಿಲ್ಲ. ವಾರದ ಹಿಂದೆ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಿದ್ದವು. ಮಲ್ಲಿಗೆಗೆ ಸ್ವಲ್ಪ ಜೇನು ಬೆರೆಸಿದಂಥ ಆ ಪರಿಮಳ ಎರಡು ಮೂರು ದಿನವಷ್ಟೇ ಇರುವುದು. ಅದನ್ನು ಮೂಸಲು ಊರಿನವರ ಹೊರತು ಯಾರೂ ಇರಲಿಲ್ಲ.

ಹಿತ್ತಿಲಲ್ಲಿ ಅಕ್ಕ, ಅವರ ಅತ್ತೆ, ಪಕ್ಕದ ಮನೆಯ ಇಬ್ಬರು ಹಲಸಿನ ಹಪ್ಪಳಕ್ಕೆ ಕೂತಿದ್ದರು. ಬೇಯಿಸಿ ಕುಟ್ಟಿದ ತೊಳೆಯ ಉಂಡೆ, ಎಣ್ಣೆ ಸವರಿದ ಪ್ಲಾಸ್ಟಿಕ್, ಮೇಲೊಂದು ಮಣೆ. ಒತ್ತುವ ಕೆಲಸ ನನಗೆ ಸಿಕ್ಕಿತು. ನನ್ನವು ಒಂದೂ ದುಂಡಗಾಗಲಿಲ್ಲ. ಅಜ್ಜಿ ನೋಡಿ “ಇವು ಮನೆಯೋರಿಗೆ” ಎಂದು ಬೇರೆ ಚಾಪೆಗೆ ಹಾಕಿದರು. ಸಂಜೆ ಅಕ್ಕ ನೂರು ನೂರರ ಕಟ್ಟು ಕಟ್ಟುತ್ತ, ಹೋದ ಸಲ ಆಗಸ್ಟಿಗೇ ಮುಗಿದುಹೋಗಿತ್ತು, ಈ ಸಲ ಇನ್ನೂ ಐದು ಕಟ್ಟು ಆಗಬೇಕು ಎಂದರು. ಗೌಡರು ಮಾಡಿನ ಕೆಳಗೆ ಸೌದೆ ಒಟ್ಟುತ್ತಿದ್ದರು. ಅವರ ಫೋನು ರಿಂಗಾಯಿತು. ಯಾರೋ ಜುಲೈಗೆ ರೂಮು ಕೇಳುತ್ತಿದ್ದರು.