ಸೊಂಟಕ್ಕೆ ಸಲ್ಲಬೇಕಾದ ಅರ್ಧ ಗಂಟೆ

ಕೊಟ್ಟಿಗೆ ಬಳಿದು, ಹಾಲು ಕರೆದು ಡೈರಿಗೆ ಹಾಕಿ, ಅಡುಗೆ ಮುಗಿಸಿ ಗದ್ದೆ ಕಡೆ ಹೊರಡುವ ಹೆಂಗಸಿಗೆ ವ್ಯಾಯಾಮದ ಮಾತು ಹೇಳುವುದು ಸುಲಭವಲ್ಲ. ‘ದಿನಾ ಗೇಯೋದು ಸಾಲ್ದಾ?’ ಎಂಬ ಪ್ರಶ್ನೆ ನಮ್ಮ ಸೋಮನಹಳ್ಳಿಯಲ್ಲೂ ಬರುತ್ತದೆ, ಮದ್ದೂರು ತಾಲ್ಲೂಕಿನ ಯಾವ ಊರಿನಲ್ಲಾದರೂ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೇಮೆ ಬೇರೆ, ವ್ಯಾಯಾಮ ಬೇರೆ. ನಾಟಿ, ಕಳೆ, ಕಸಮುಸುರೆ ಎಲ್ಲವೂ ನಡುವನ್ನು ಮುಂದಕ್ಕಷ್ಟೇ ಬಗ್ಗಿಸುತ್ತವೆ. ಅಂಗಡಿ, ಹೊಲಿಗೆ, ಆಫೀಸು ಎಂದು ಕುಳಿತವರಿಗೆ ಅದೂ ಇಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಭಾರತದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾದರೂ ಆಯಿತು. ಊರಿಗೆ ಅಂಟಿಕೊಂಡೇ ಇರುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳ ಭರಾಟೆ. ಅದು ವಾಕಿಂಗ್ ಹೋಗುವ ಜಾಗವಲ್ಲ. ಉಳಿದದ್ದು ಮನೆಯ ನಡುಮನೆ ಮತ್ತು ಕೈಯಲ್ಲಿರುವ ಮೊಬೈಲು.

ಮನೆಯಲ್ಲೇ ವಿಡಿಯೊ ನೋಡಿಕೊಂಡು ವ್ಯಾಯಾಮ ಮಾಡುವುದು ಹೊಸದೇನಲ್ಲ. ಹಾಲಿವುಡ್ ನಟಿ ಜೇನ್ ಫೋಂಡಾ 1982ರಲ್ಲಿ ಹೊರತಂದ ಕ್ಯಾಸೆಟ್ ಅದನ್ನು ಲಕ್ಷಾಂತರ ಹೆಂಗಸರಿಗೆ ರೂಢಿ ಮಾಡಿಸಿತು. ಆಮೇಲೆ ಅಮೆರಿಕದಲ್ಲಿ ನೆಲೆಸಿದ ಭಾರತೀಯ ಮೂಲದ ಅವಳಿ ಸೋದರಿಯರು, ವೀಣಾ ಮತ್ತು ನೀನಾ ಬಿದಾಶಾ, ಬೆಲ್ಲಿ ಡ್ಯಾನ್ಸ್ ಹೆಜ್ಜೆಗಳನ್ನು ಆರಂಭಿಕರ ವ್ಯಾಯಾಮವಾಗಿ ಹೊಂದಿಸಿ ವಿಡಿಯೊ ಮಾಡಿದರು. ಅಂಥದೊಂದು ಪಾಠವನ್ನು ನಾನೂ ಹಚ್ಚಿಕೊಂಡೆ.

ಪಾಠ ನಿಲ್ಲುವುದರಿಂದ ಶುರುವಾಗುತ್ತದೆ. ಪಾದಗಳ ನಡುವೆ ಸೊಂಟದಷ್ಟು ಅಗಲ, ಮೊಣಕಾಲು ತುಸು ಸಡಿಲ, ಎದೆ ನೆಟ್ಟಗೆ, ಹೊಕ್ಕುಳು ಸ್ವಲ್ಪ ಒಳಕ್ಕೆ. ಮೇಲಿನ ಮೈ ಅಲುಗದಂತೆ ಸೊಂಟವನ್ನು ಮಾತ್ರ ಸುತ್ತಿಸಬೇಕು. ರಾಗಿಕಲ್ಲು ಗೂಟದ ಸುತ್ತ ತಿರುಗಿದ ಹಾಗೆ. ಬಳಿಕ ಎಂಟರ ಆಕಾರದಲ್ಲಿ ತಿರುಗಿಸುವುದು, ಒಂದು ಪಕ್ಕವನ್ನು ಎತ್ತಿ ಇಳಿಸುವುದು. ಕೊನೆಗೆ ಎರಡೂ ಮೊಣಕಾಲನ್ನು ಒಂದಾದ ಮೇಲೊಂದು ಚುರುಕಾಗಿ ಮಡಿಸಿ ಚಾಚಿದರೆ ಸೊಂಟ ತಾನಾಗಿ ನಡುಗುತ್ತದೆ. ನೋಡಲು ಹಗುರ. ಮಾಡಲು ಹೋದರೆ ಹೊಟ್ಟೆಯ ಒಳಪದರದ, ಪಕ್ಕೆಯ, ಪಿರ್ರೆಯ ಸ್ನಾಯುಗಳೆಲ್ಲ ದುಡಿಯಬೇಕು. ಪಾಠ ಮುಗಿಯುವಾಗ ಉಸಿರು ಏರಿರುತ್ತದೆ, ಮಾತಾಡಬಹುದು, ಹಾಡಲಾಗದು. ಮಧ್ಯಮ ಶ್ರಮ ಎಂದರೆ ಇಷ್ಟೇ. ನನಗೆ ಮೊದಲು ತಿಳಿದ ಲಾಭ ತೂಕದ್ದಲ್ಲ, ಬೆಳಗ್ಗೆ ಎದ್ದಾಗ ಕಾಡುತ್ತಿದ್ದ ನಡುವಿನ ಬಿಗಿ ಸಡಿಲವಾದದ್ದು.

‘ಅಯ್ಯೋ, ಅದು ಸಿನ್ಮಾದೋರ್ ಕುಣಿತ ಕಣವ್ವ, ನಮಗ್ಯಾಕೆ?’ ಎಂದರು ಪಕ್ಕದ ಮನೆಯವರು. ಸಿನಿಮಾ ಈ ಕುಣಿತಕ್ಕೆ ಕೊಟ್ಟ ಹೆಸರು ಅಂಥದು. ಆದರೆ ಕೈರೋದಲ್ಲಿ ನರ್ತಕಿ ಬದಿಯಾ ಮಸಾಬ್ನಿ 1926ರಲ್ಲಿ ರಂಗಮಂದಿರ ತೆರೆದು ಇದಕ್ಕೆ ವೇದಿಕೆಯ ರೂಪ ಕೊಡುವ ಮುಂಚಿನಿಂದಲೂ ಈಜಿಪ್ಟಿನ ಮದುವೆಮನೆಗಳಲ್ಲಿ, ಹೆಂಗಸರ ಕೂಟಗಳಲ್ಲಿ ಇದು ನಡೆದುಬಂದಿತ್ತು. ಅಲ್ಲಿನ ಮದುವೆ ಮೆರವಣಿಗೆಯಲ್ಲಿ ಉರಿಯುವ ದೀಪಗೊಂಚಲನ್ನು ತಲೆಯ ಮೇಲೆ ಹೊತ್ತು ಕುಣಿಯುವ ಪದ್ಧತಿಯೂ ಇದೆ. ನಮ್ಮ ಮಂಡ್ಯ ಸೀಮೆಯವರಿಗೆ ಇದು ಅಪರಿಚಿತ ನೋಟವೇ? ಹಬ್ಬದಲ್ಲಿ ದೇವಿಯ ಮುಂದೆ ಪೂಜೆ ಕುಣಿತದವರು ಬಣ್ಣದ ಸೀರೆ ಕಟ್ಟಿದ ‘ಪೂಜೆ’ ಎಂಬ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು ಕುಣಿಯುತ್ತಾರೆ. ಕತ್ತು ಕದಲುವುದಿಲ್ಲ, ಕೆಳಗಿನ ಮೈಯೆಲ್ಲ ತಮಟೆಯ ಗತ್ತಿಗೆ ಓಡುತ್ತದೆ. ಮೈಯ ಒಂದು ಭಾಗವನ್ನು ನಿಲ್ಲಿಸಿ ಇನ್ನೊಂದನ್ನು ಆಡಿಸುವ ವಿದ್ಯೆ ಎರಡು ಕಡೆಯೂ ಒಂದೇ. ನಮ್ಮಲ್ಲಿ ಆ ಪೂಜೆ ಹೊರುವವರು ಬಹುಮಟ್ಟಿಗೆ ಗಂಡಸರು. ಊರು ನಿಂತು ಕೈಮುಗಿಯುತ್ತದೆ. ಹೆಂಗಸು ತನ್ನ ಮನೆಯೊಳಗೆ, ತನ್ನ ಆರೋಗ್ಯಕ್ಕೆ ಸೊಂಟ ತಿರುಗಿಸಿದರೆ ನಾಚಿಕೆ ಪಡಬೇಕಾದದ್ದು ಏನೂ ಇಲ್ಲ. ಹೆರುವ, ಹೊರುವ ಸೊಂಟಕ್ಕೆ ಆರೈಕೆಯ ಹಕ್ಕೂ ಇದೆ.

ಕೆಲವು ಎಚ್ಚರಿಕೆಗಳು ಬೇಕು. ಹೊಟ್ಟೆ ಕುಣಿಸಿದರೆ ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತದೆ ಎನ್ನುವ ವಿಡಿಯೊಗಳನ್ನು ನಂಬಬಾರದು. ಕೊಬ್ಬು ಇಳಿದರೆ ಇಡೀ ಮೈಯಿಂದ ಇಳಿಯುತ್ತದೆ, ಅದಕ್ಕೆ ತಟ್ಟೆಯಲ್ಲಿನ ಅನ್ನದ ಅಳತೆಯೂ ಸೇರಬೇಕು. ತೂಕದ ಜೊತೆಗೆ ಟೇಪು ಹಿಡಿದು ನಡುವಿನ ಸುತ್ತಳತೆ ನೋಡುವುದು ಒಳ್ಳೆಯದು: ನಮ್ಮ ಕಡೆಯ ಹೆಂಗಸರಲ್ಲಿ ಅದು 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ಹೆಚ್ಚು. ಈಚೆಗೆ ಹೆರಿಗೆಯಾದವರು, ಗರ್ಭಕೋಶ ಜಾರಿದವರು, ಡಿಸ್ಕಿನ ಅಥವಾ ಮಂಡಿಯ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಮಾಡಬಾರದು. ಪ್ರತಿ ಹೆಜ್ಜೆಯನ್ನು ನಿಧಾನವಾಗಿ ಬಿಡಿಸಿ ತೋರಿಸುವ ವಿಡಿಯೊ ಆರಿಸಿಕೊಳ್ಳಿ. ನೆಲ ಒಣಗಿರಲಿ, ನೈಟಿಯ ಬದಲು ಕಾಲಿಗೆ ತೊಡರದ ಚೂಡಿದಾರ್ ಇರಲಿ.

ಇಷ್ಟಾದರೂ ನಿಜವಾದ ಅಡ್ಡಿ ಸೊಂಟದ್ದಲ್ಲ, ಹೊತ್ತಿನದು. ಅರ್ಧ ಗಂಟೆ ಬಾಗಿಲು ಹಾಕಿಕೊಂಡರೆ ಅಷ್ಟರಲ್ಲಿ ಯಾರೋ ಕಾಫಿ ಕೇಳುತ್ತಾರೆ, ಮಗು ಕರೆಯುತ್ತದೆ. ಆ ಹೊತ್ತನ್ನು ಮನೆಯವರು ಒಪ್ಪಿ ಬಿಟ್ಟುಕೊಡಬೇಕು. ಒಬ್ಬಳೇ ಕೇಳಿದರೆ ಸಿಗದ್ದು ಹತ್ತು ಮಂದಿ ಸೇರಿದರೆ ಸಿಗುತ್ತದೆ. ಇದೇ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000–01ರಲ್ಲಿ, ಸ್ತ್ರೀಶಕ್ತಿ ಯೋಜನೆ ಆರಂಭವಾಯಿತು. ಮನೆಖರ್ಚಿನಲ್ಲಿ ಒಂದಿಷ್ಟನ್ನು ವಾರವಾರವೂ ತಮ್ಮ ಹೆಸರಿಗೆ ಉಳಿಸುವುದನ್ನು ಹಳ್ಳಿಯ ಹೆಂಗಸರು ಆ ಯೋಜನೆಯ ಸ್ವಸಹಾಯ ಸಂಘಗಳಲ್ಲಿ ರೂಢಿ ಮಾಡಿಕೊಂಡರು. ಅದೇ ಸಂಘದ ಸಭೆ ಮುಗಿದ ಮೇಲೆ ಟಿವಿಗೆ ಮೊಬೈಲು ಜೋಡಿಸಿ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿದರೆ ಮುಜುಗರವೂ ಹೋಗುತ್ತದೆ, ಬಿಡದೆ ಮಾಡುವ ಹಟವೂ ಬರುತ್ತದೆ. ದುಡ್ಡು ಉಳಿಸಲು ಕಲಿತವರಿಗೆ ಹೊತ್ತು ಉಳಿಸಿಕೊಳ್ಳುವುದು ಕಷ್ಟವಲ್ಲ. ಮುಂದಿನ ಸಭೆಯಲ್ಲೇ ಮಾತೆತ್ತಿ.