ಗಣಕದ ಪಡಿಯಚ್ಚು: ಸ್ಕ್ರಿಪ್ಟ್ ಎಡವಿದ್ದೆಲ್ಲಿ?

ವಿಕಿರಣಶೀಲ ವಸ್ತುವಿನ ಅರ್ಧಾಯು ಕಂಡುಹಿಡಿಯುವ ಪ್ರಯೋಗ ನಿಮಗೆ ಪರಿಚಿತವೇ. ಎಣಿಕೆಗಳ ಲಘುಗಣಕವನ್ನು ಕಾಲದ ಎದುರು ಗುರುತಿಸಿ, ದೊರೆತ ಸರಳರೇಖೆಯ ಓಟದಿಂದ ಅರ್ಧಾಯುವನ್ನು ಲೆಕ್ಕ ಹಾಕುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಪ್ರಾಯೋಗಿಕ ಪರೀಕ್ಷೆಯಲ್ಲಿ ಇದನ್ನೇ ಗಣಕದ ಮೇಲೆ ಮಾಡಲು ಕೊಟ್ಟಿದ್ದೆವು. ಬೇರಿಯಂ-137ಎಂ ಎಣಿಕೆಗಳ ಕಡತ ಪ್ರತಿ ಗಣಕದಲ್ಲೂ ಇತ್ತು ಎಂಬುದು ನನ್ನ ನಂಬಿಕೆ. ಉತ್ತರ ಸುಮಾರು 153 ಸೆಕೆಂಡು ಬರಬೇಕು. ಮೊದಲು ಎದ್ದು ಬಂದ ವಿದ್ಯಾರ್ಥಿನಿ 70 ಸೆಕೆಂಡು ಎಂದು ಬರೆದಿದ್ದಳು. “ಇನ್ನೊಮ್ಮೆ ನೋಡಮ್ಮ” ಎಂದೆ. “ಮೂರು ಸಲ ನೋಡಿದೆ ಸರ್, ಅಷ್ಟೇ ಬರುತ್ತೆ” ಎಂದಳು. ಅವಳ ಹಿಂದೆ ಬಂದವರೂ 70ರ ಆಸುಪಾಸಿನಲ್ಲೇ ಇದ್ದರು. ಇಡೀ ತಂಡ ನಕಲು ಮಾಡಿದೆಯೇ ಎಂಬ ಗುಮಾನಿ ನನ್ನ ತಲೆಯಲ್ಲಿ ಸುಳಿದದ್ದು ನಿಜ. ಆಮೇಲೆ ಹೊಳೆಯಿತು: 70 ಸೆಕೆಂಡು ಎಂದರೆ ಪ್ರೊಟಾಕ್ಟಿನಿಯಂ-234ಎಂ ಅರ್ಧಾಯು. ಅದು ಹಿಂದಿನ ವರ್ಷದ ಪ್ರಶ್ನೆ! ಮಕ್ಕಳ ಲೆಕ್ಕ ಸರಿಯಿತ್ತು. ಗಣಕಗಳಲ್ಲಿ ಹಳೆಯ ಕಡತ ಕುಳಿತಿತ್ತು. ಆದರೆ ಗಣಕಗಳನ್ನು ಸಜ್ಜುಗೊಳಿಸಿದ ತಂತ್ರಾಂಶ ಹಿಂದಿನ ರಾತ್ರಿ ‘ಕೆಲಸ ಯಶಸ್ವಿ’ ಎಂದೇ ವರದಿ ಮಾಡಿತ್ತು.

ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ಸಜ್ಜುಗೊಳಿಸುವ ಕ್ರಮವನ್ನು ಸ್ವಲ್ಪ ನೋಡಬೇಕು. ಮೂವತ್ತು ಗಣಕಗಳಲ್ಲಿ ಒಂದೊಂದಾಗಿ ತಂತ್ರಾಂಶ ತುಂಬುವ ಬದಲು, ಒಂದು ಮಿಥ್ಯಾಯಂತ್ರವನ್ನು (ಗಣಕದೊಳಗೆ ತಂತ್ರಾಂಶದಿಂದಲೇ ರಚಿಸಿದ ಗಣಕ) ಸಿದ್ಧಪಡಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಯನ್ನು ಎಲ್ಲಕ್ಕೂ ಹಂಚಬಹುದು. ಈ ಪ್ರತಿಯೇ ‘ಇಮೇಜ್’, ಪಡಿಯಚ್ಚು ಎನ್ನೋಣ. ಪಡಿಯಚ್ಚು ತಯಾರಿಕೆಯನ್ನು ತಾನಾಗಿ ನಡೆಸುವ ತಂತ್ರಾಂಶಗಳಲ್ಲಿ 2013ರಲ್ಲಿ ಹೊರಬಂದ ಪ್ಯಾಕರ್ ಹೆಚ್ಚು ಬಳಕೆಯಲ್ಲಿದೆ. ಏನೇನು ಮಾಡಬೇಕೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರೆ, ಅದು ಮಿಥ್ಯಾಯಂತ್ರವನ್ನು ಎಬ್ಬಿಸಿ, ಆದೇಶಗಳ ಪಟ್ಟಿಯನ್ನು, ಅಂದರೆ ಸ್ಕ್ರಿಪ್ಟನ್ನು, ಓಡಿಸಿ, ಕೊನೆಗೆ ಡಿಸ್ಕನ್ನು ಮುದ್ರೆಯೊತ್ತಿ ಕೊಡುತ್ತದೆ.

ಇಲ್ಲಿ ಮೊದಲ ಗೊಂದಲ ಹುಟ್ಟುತ್ತದೆ. ಪ್ಯಾಕರ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ‘ಶೆಲ್’ ಮತ್ತು ‘ಶೆಲ್-ಲೋಕಲ್’ ಎಂಬ ಎರಡು ವಿಧಾನಗಳಿವೆ. ಮೊದಲನೆಯದು ತಯಾರಾಗುತ್ತಿರುವ ಯಂತ್ರದ ಒಳಗೆ ಓಡುತ್ತದೆ. ಎರಡನೆಯದು ಪ್ಯಾಕರ್ ಕುಳಿತಿರುವ ನಿಮ್ಮ ಗಣಕದಲ್ಲೇ ಓಡುತ್ತದೆ. ತಯಾರಾಗುವ ಯಂತ್ರದಲ್ಲಿ ತಂತ್ರಾಂಶ ಸ್ಥಾಪಿಸಬೇಕಾದ ಆದೇಶವನ್ನು ಎರಡನೆಯದರಲ್ಲಿ ಬರೆದರೆ, ತಂತ್ರಾಂಶ ನಿಮ್ಮ ಗಣಕಕ್ಕೇ ಸೇರಿಕೊಂಡು ಪಡಿಯಚ್ಚು ಬರಿದಾಗಿ ಉಳಿಯುತ್ತದೆ. ಆದ್ದರಿಂದ ದೋಷ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ಸಾಲನ್ನು ಓಡಿಸಿದ್ದು ಯಾವ ಯಂತ್ರ? ಯಂತ್ರದ ಹೆಸರನ್ನು ಮುದ್ರಿಸುವ ‘ಹೋಸ್ಟ್‌ನೇಮ್’ ಆದೇಶವನ್ನು ಸ್ಕ್ರಿಪ್ಟಿನ ತಲೆಯಲ್ಲಿ ಸೇರಿಸಿದರೆ ಅರ್ಧ ಗಂಟೆಯ ತಲೆಬಿಸಿ ಉಳಿಯುತ್ತದೆ.

ಸ್ಥಳೀಯ ಸ್ಕ್ರಿಪ್ಟ್ ಸೋತಿತೋ ಗೆದ್ದಿತೋ ಎಂಬುದು ಪ್ಯಾಕರ್‌ಗೆ ತಿಳಿಯುವುದು ಒಂದೇ ಒಂದು ಸಂಖ್ಯೆಯಿಂದ. ಪ್ರತಿ ಆದೇಶವೂ ಮುಗಿಯುವಾಗ ಒಂದು ನಿರ್ಗಮನ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. 0 ಎಂದರೆ ಯಶಸ್ಸು, ಬೇರೇನಿದ್ದರೂ ಸೋಲು. (ನಮ್ಮ ಅಂಕಪಟ್ಟಿಗಳ ತದ್ವಿರುದ್ಧ!) 127 ಬಂದರೆ ಆದೇಶವೇ ಸಿಗಲಿಲ್ಲ ಎಂದರ್ಥ. 126 ಎಂದರೆ ಸಿಕ್ಕಿತು, ಆದರೆ ಓಡಿಸಲಾಗಲಿಲ್ಲ. ಸಾಮಾನ್ಯವಾಗಿ ಕಡತಕ್ಕೆ ಓಡುವ ಅನುಮತಿ ಕೊಟ್ಟಿರುವುದಿಲ್ಲ. 128ಕ್ಕಿಂತ ಹೆಚ್ಚಿದ್ದರೆ ಅದರಿಂದ 128 ಕಳೆಯಿರಿ. ಉಳಿಯುವುದು ಸಾಮಾನ್ಯವಾಗಿ ಕಾರ್ಯಕ್ರಮವನ್ನು ಕೊಂದ ಸಂಕೇತದ ಸಂಖ್ಯೆ. 137 ಬಂದರೆ 9ನೇ ಸಂಕೇತ, ಅಂದರೆ ಬಲವಂತದ ಸಾವು. ಲಿನಕ್ಸ್‌ನಲ್ಲಿ ಸ್ಮೃತಿ ಸಾಲದೆ ಹೋದಾಗ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಈ ಸಂಖ್ಯೆಗೆ ಮೀಸಲಾದ ಜಾಗ 8 ಬಿಟ್ ಮಾತ್ರ. ಹಾಗಾಗಿ ‘ಹಾಳಾದ ಕಡತಗಳ ಸಂಖ್ಯೆ’ಯನ್ನೇ ನಿರ್ಗಮನ ಸಂಖ್ಯೆಯಾಗಿ ಕೊಡುವ ಜಾಣ ಸ್ಕ್ರಿಪ್ಟ್, 256 ಕಡತ ಹಾಳಾದ ದಿನ 0 ಎನ್ನುತ್ತದೆ. ದ್ವಿಮಾನ ಪದ್ಧತಿ ಪಾಠ ಮಾಡುವಾಗ ಈ ಉದಾಹರಣೆ ಕೊಟ್ಟು ನೋಡಿ.

“ಕೈಯಿಂದ ಓಡಿಸಿದರೆ ಸರಿಯಾಗಿ ಓಡುತ್ತೆ, ಪ್ಯಾಕರ್ ಓಡಿಸಿದರೆ ಸೋಲುತ್ತೆ” ಎಂಬ ದೂರನ್ನು ವಿದ್ಯಾರ್ಥಿಗಳಿಂದ ಬಹಳ ಸಲ ಕೇಳಿದ್ದೇನೆ. ಭೌತವಿಜ್ಞಾನದಲ್ಲಿ ಒಂದೇ ಪ್ರಯೋಗ ಎರಡು ಫಲಿತಾಂಶ ಕೊಟ್ಟರೆ ಸುತ್ತಲಿನ ಸ್ಥಿತಿ ಬದಲಾಗಿರಬೇಕೆಂದು ಹುಡುಕುತ್ತೇವಲ್ಲವೇ? ಇಲ್ಲಿಯೂ ಅಷ್ಟೆ. ನೀವು ಲಾಗಿನ್ ಆದಾಗ ಹೊಂದಿಸಿಕೊಂಡ ಅಡ್ಡಹೆಸರುಗಳು ಸ್ಕ್ರಿಪ್ಟಿಗೆ ಕಾಣುವುದಿಲ್ಲ. ರಾತ್ರಿ ತಾನಾಗಿ ಓಡುವ ಕೆಲಸಕ್ಕೆ ಆದೇಶಗಳನ್ನು ಹುಡುಕುವ ದಾರಿಗಳ ಪಟ್ಟಿಯೂ ಚಿಕ್ಕದಿರಬಹುದು. ಕಡತದ ವಿಳಾಸವನ್ನು ಅರೆಬರೆ ಬರೆದಿದ್ದರೆ, ಹುಡುಕಾಟ ಸ್ಕ್ರಿಪ್ಟ್ ಇರುವ ಕೋಶದಿಂದಲ್ಲ, ಪ್ಯಾಕರನ್ನು ಆರಂಭಿಸಿದ ಕೋಶದಿಂದ ಶುರುವಾಗುತ್ತದೆ. ‘ಎನ್ವ್’ ಆದೇಶಕ್ಕೆ ‘-ಐ’ ಎಂಬ ಸೂಚನೆ ಕೊಟ್ಟು ಸ್ಕ್ರಿಪ್ಟನ್ನು ಖಾಲಿ ಪರಿಸರದಲ್ಲಿ ಕೈಯಿಂದಲೇ ಓಡಿಸಿ ನೋಡಿ. ದೋಷ ನಿಮ್ಮ ಮುಂದೆಯೂ ಕಾಣಿಸಿಕೊಂಡರೆ ಅರ್ಧ ಗೆದ್ದಂತೆ.

ಇನ್ನೊಂದು ವಿಚಿತ್ರ ದೂರು: ಕಡತ ಕಣ್ಣೆದುರೇ ಇದೆ, ಗಣಕ ಮಾತ್ರ “ಅಂಥ ಕಡತವಿಲ್ಲ” ಎನ್ನುತ್ತದೆ. ಇದರ ಮೂಲ ಹಳೆಯ ದೂರಮುದ್ರಕಗಳ ಕಾಲದ್ದು. ಸಾಲು ಮುಗಿದಾಗ ಮುದ್ರಣದ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಮೇಲೆ ಸರಿಸಲು ಇನ್ನೊಂದು ಬೇಕಿತ್ತು. ಆಸ್ಕಿ ಕೋಷ್ಟಕದಲ್ಲಿ ಇವು 13 ಮತ್ತು 10. ವಿಂಡೋಸ್ ಇಂದಿಗೂ ಸಾಲಿನ ಕೊನೆಗೆ ಎರಡನ್ನೂ ಬರೆಯುತ್ತದೆ, ಯೂನಿಕ್ಸ್ ಮತ್ತು ಲಿನಕ್ಸ್ 10 ಒಂದನ್ನೇ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಓದಬೇಕಾದ ಶೆಲ್‌ನ ವಿಳಾಸವಿರುತ್ತದೆ. ವಿಂಡೋಸ್‌ನಲ್ಲಿ ತಿದ್ದಿದ ಕಡತ ಲಿನಕ್ಸ್‌ಗೆ ಬಂದಾಗ ಆ ವಿಳಾಸದ ಬಾಲಕ್ಕೆ ಕಣ್ಣಿಗೆ ಕಾಣದ 13 ಅಂಟಿಕೊಂಡಿರುತ್ತದೆ. ಇಲ್ಲವೆಂದು ಗಣಕ ಹೇಳುವುದು ನಿಮ್ಮ ಸ್ಕ್ರಿಪ್ಟನ್ನಲ್ಲ, ಬಾಲವಿರುವ ಆ ಶೆಲ್ಲನ್ನು.

ಈಗ ನನ್ನ ತಪ್ಪಿಗೆ ಬರುತ್ತೇನೆ. ವಿಭಾಗದ ಸರ್ವರ್‌ನಿಂದ ಆ ವರ್ಷದ ಎಣಿಕೆಗಳನ್ನು ನನ್ನ ಗಣಕಕ್ಕೆ ತರುವ ಸ್ಥಳೀಯ ಸ್ಕ್ರಿಪ್ಟ್ ಒಂದಿತ್ತು. ಅನಂತರದ ಹಂತ ಆ ಕಡತವನ್ನು ಪಡಿಯಚ್ಚಿನೊಳಗೆ ನಕಲಿಸುತ್ತಿತ್ತು. ದಾಖಲೆ ಇರಲೆಂದು ನಾನು ತರುವ ಆದೇಶದ ಹೊರಹರಿವನ್ನು ‘ಟೀ’ ಎಂಬ ಆದೇಶಕ್ಕೆ ಜೋಡಿಸಿದ್ದೆ. ನಲ್ಲಿ ಕೆಲಸದವರು ಬಳಸುವ ಟೀ ಜೋಡಣೆಯಿಂದಲೇ ಅದಕ್ಕೆ ಆ ಹೆಸರು: ಹರಿವು ಒಂದು ಕಡೆ ಪರದೆಗೆ, ಇನ್ನೊಂದು ಕಡೆ ಕಡತಕ್ಕೆ. ಆದರೆ ಹೀಗೆ ಕೊಳವೆಯಲ್ಲಿ ಜೋಡಿಸಿದ ಆದೇಶಗಳ ನಿರ್ಗಮನ ಸಂಖ್ಯೆ ಎಂದರೆ ಕೊನೆಯ ಆದೇಶದ ಸಂಖ್ಯೆ ಮಾತ್ರ. ಸರ್ವರ್‌ನ ಗುಪ್ತಪದ ಬದಲಾಗಿದ್ದರಿಂದ ತರುವ ಕೆಲಸ ಸೋತಿತು. ಆ ಸೋಲಿನ ವರದಿಯನ್ನು ಟೀ ಚೆನ್ನಾಗಿಯೇ ಬರೆದಿಟ್ಟು 0 ಎಂದಿತು. ಹಳೆಯ ಕಡತ ಅದೇ ಕೋಶದಲ್ಲಿ ಬಿದ್ದಿದ್ದರಿಂದ ನಕಲಿಸುವ ಹಂತವೂ ತಕರಾರು ಎತ್ತಲಿಲ್ಲ. ವೋಲ್ಟ್‌ಮಾಪಕ ಜೋಡಿಸಿದ್ದರಿಂದಲೇ ಮಂಡಲದ ವೋಲ್ಟೇಜು ಬದಲಾಗುವುದನ್ನು ಪ್ರತಿ ವರ್ಷ ಪಾಠ ಮಾಡುವವನು ನಾನು!

ಯಾವುದೇ ಆದೇಶ ಸೋತರೆ ಅಲ್ಲೇ ನಿಲ್ಲು ಎನ್ನುವ ‘-ಇ’ ಸೂಚನೆ ಸ್ಕ್ರಿಪ್ಟಿನಲ್ಲಿ ಇತ್ತು. ಕೊಳವೆಯ ನಡುವಿನ ಸೋಲು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಬ್ಯಾಷ್ ಶೆಲ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನೂ ಕೊಡಬೇಕು. ಪ್ಯಾಕರ್ ಬಳಸುವವರು ಇನ್ನೊಂದು ಗಮನಿಸಿ: ಆದೇಶಗಳನ್ನು ಪ್ಯಾಕರ್ ಕಡತದಲ್ಲೇ ಸಾಲಾಗಿ ಬರೆದರೆ ಅದು ‘-ಇ’ಯನ್ನು ತಾನೇ ಸೇರಿಸಿಕೊಳ್ಳುತ್ತದೆ. ಅವೇ ಸಾಲುಗಳನ್ನು ಅಂದವಾಗಿರಲೆಂದು ಬೇರೆ ಸ್ಕ್ರಿಪ್ಟ್ ಕಡತಕ್ಕೆ ಸಾಗಿಸಿದರೆ ಆ ರಕ್ಷಣೆ ಹೋಗುತ್ತದೆ, ನೀವೇ ಬರೆದುಕೊಳ್ಳಬೇಕು.

ಸೋಲು ಕಂಡಾಗ ಸಾಕ್ಷ್ಯವನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. ತಯಾರಿಕೆ ಸೋತರೆ ಪ್ಯಾಕರ್ ಸಾಮಾನ್ಯವಾಗಿ ಅರ್ಧ ತಯಾರಾದ ಯಂತ್ರವನ್ನು ಅಳಿಸಿ ನೆಲ ಗುಡಿಸಿಬಿಡುತ್ತದೆ. ‘ಆನ್-ಎರರ್’ ಎಂಬ ಆಯ್ಕೆಗೆ ‘ಆಸ್ಕ್’ ಎಂದು ಕೊಟ್ಟರೆ ನಿಂತು ನಿಮ್ಮನ್ನು ಕೇಳುತ್ತದೆ. ಆಗ ಯಂತ್ರದೊಳಗೆ ಹೋಗಿ ನೋಡಬಹುದು. ‘ಪ್ಯಾಕರ್_ಲಾಗ್’ ಎಂಬ ಪರಿಸರ ಚರಕ್ಕೆ 1 ಕೊಟ್ಟರೆ ವಿವರವಾದ ದಾಖಲೆ ಸಿಗುತ್ತದೆ. ಸ್ಕ್ರಿಪ್ಟಿನಲ್ಲಿ ‘-ಎಕ್ಸ್’ ಸೂಚನೆ ಇಟ್ಟರೆ ಪ್ರತಿ ಸಾಲೂ ಓಡುವ ಮುನ್ನ ಮುದ್ರಣವಾಗುತ್ತದೆ. ಆದರೆ ಗುಪ್ತಪದಗಳೂ ಮುದ್ರಣವಾಗಬಹುದು, ಆ ದಾಖಲೆಯನ್ನು ಯಾರಿಗಾದರೂ ಕಳಿಸುವ ಮೊದಲು ಓದಿ.

ನಮ್ಮ ಸ್ಕ್ರಿಪ್ಟ್ ಈಗ ಮೊದಲು ಹಳೆಯ ಕಡತವನ್ನು ಅಳಿಸುತ್ತದೆ, ಹೊಸದನ್ನು ತರುತ್ತದೆ, ಅದರ ತಾಳೆಮೊತ್ತವನ್ನು ನಾನು ಬೇರೆಡೆ ಬರೆದಿಟ್ಟ ಮೊತ್ತದೊಡನೆ ಹೋಲಿಸಿ, ಹೊಂದದಿದ್ದರೆ 1 ಎಂದು ಹೇಳಿ ನಿಲ್ಲುತ್ತದೆ. ಕಳೆದ ಪರೀಕ್ಷೆಯ ಹಿಂದಿನ ಸಂಜೆ ಹಾಗೆ ಎರಡು ಸಲ ನಿಂತಿತು. ಎರಡು ಸಲವೂ ಮೊತ್ತವನ್ನು ತಪ್ಪಾಗಿ ಬೆರಳಚ್ಚಿಸಿದ್ದು ನಾನೇ. ಅಂದ ಹಾಗೆ, 70 ಸೆಕೆಂಡು ಬರೆದ ಎಲ್ಲರಿಗೂ ಆ ಪ್ರಶ್ನೆಯ ಅಂಕ ಕೊಟ್ಟೆವು. ತಂಡದಲ್ಲಿ ಒಬ್ಬ ಮಾತ್ರ 153 ಎಂದು ಬರೆದಿದ್ದ. ಅವನನ್ನು ಕರೆದು ನಕ್ಷೆ ತೋರಿಸಲು ಹೇಳಬೇಕಾಯಿತು.